ಹುಳುಮನೆಯ ಶಾಖದ ಚೀಲ

ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕುವ ತಂತಿಯ ಮೇಲೆ ನೇತಾಡುತ್ತಿದ್ದೆ. ಒಂದು ಪಕ್ಕದಲ್ಲಿ ಮುನಿರಾಜುವಿನ ನೀಲಿ ಅಂಗಿ, ಇನ್ನೊಂದು ಪಕ್ಕದಲ್ಲಿ ಅವನ ಹೊದಿಕೆ. ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಡೇರಿಗೆ ಹಾಲು ಒಯ್ಯುವವರು ಎಂದಿನಂತೆ ಕ್ಯಾನು ಸದ್ದು ಮಾಡುತ್ತ ಹೋದರು. ಮುನಿರಾಜುವಿನ ಹೆಂಡತಿ ಹಂಸವೇಣಿ ಬಾಗಿಲಿಗೆ ನೀರು ಹಾಕಿದಳು. ರಂಗೋಲಿ ಬಟ್ಟಲು ಹಿಡಿದು ಸ್ವಲ್ಪ ಹೊತ್ತು ನಿಂತಳು. ಹಾಕಬೇಕೋ ಬೇಡವೋ ಹೇಳುವವರು ಯಾರೂ ಇರಲಿಲ್ಲ. ಬಟ್ಟಲನ್ನು ಹಾಗೆಯೇ ಒಳಗೆ ಒಯ್ದಳು.

ನನ್ನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರಿನ ಜೊತೆ ಎಣ್ಣೆಯೂ ಇತ್ತು. ಅದು ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾನು ಒಂದು ಶಾಖದ ಚೀಲ. ಟವೆಲ್ಲಿನಷ್ಟು ಅಗಲ, ಕೌದಿಯಂತೆ ಚೌಕ ಚೌಕವಾಗಿ ಹೊಲಿದ ಮೈ. ಮೇಲೆ ಪ್ಲಾಸ್ಟಿಕ್ ಲೇಪದ ಬಟ್ಟೆ. ಒಳಗೆ ಹಿಟ್ಟಿನಂಥ ಪುಡಿ. ಆ ಪುಡಿಯ ಒಂದೊಂದು ಕಣವೂ ಒಂದು ಗುಳಿಗೆ. ಗುಳಿಗೆಯ ತಿರುಳು ಕೊಬ್ಬರಿಯ ಕೊಬ್ಬು ಮತ್ತು ಮುರುಗಲ ಬೀಜದ ಕೊಬ್ಬು. ಅದರ ಸಿಪ್ಪೆ ಮರದ ನಾರಿನಿಂದ ಮಾಡಿದ್ದು. ನನ್ನಲ್ಲಿ ಇರುವುದೆಲ್ಲ ಗಿಡಮರದಿಂದ ಬಂದದ್ದೇ, ಹೊಲಿಗೆಯ ದಾರ ಮತ್ತು ಮೇಲಿನ ಹೊದಿಕೆ ಬಿಟ್ಟರೆ.

ಹುಟ್ಟಿದ್ದು ರೇಷ್ಮೆ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ. ಅಲ್ಲಿನ ಇಂದುಮತಿ ಮೇಡಂ ಕೊಬ್ಬನ್ನು ಕರಗಿಸಿ, ಕಲಕಿ, ಹನಿ ಹನಿಯಾಗಿ ಒಡೆದು, ಪ್ರತಿ ಹನಿಗೂ ಸಿಪ್ಪೆ ಕಟ್ಟುವಂತೆ ಮಾಡಿದರು. ಬಹಳ ಸಲ ಸಿಪ್ಪೆ ನಿಲ್ಲಲಿಲ್ಲ. ನಿಂತ ದಿನ ಅವರು ಯಾರಿಗೂ ಹೇಳದೆ ಕ್ಯಾಂಟೀನಿಗೆ ಹೋಗಿ ಎರಡು ಜಾಮೂನು ತಿಂದು ಬಂದರು ಎಂದು ಅಟೆಂಡರು ನಗುತ್ತಿದ್ದ.

ನನ್ನ ಕೆಲಸ ಸರಳ. ಸುತ್ತ ಬಿಸಿಯಾದರೆ ನನ್ನೊಳಗಿನ ಕೊಬ್ಬು ಕರಗುತ್ತದೆ, ಬಿಸಿಯನ್ನು ಹೀರಿಕೊಳ್ಳುತ್ತದೆ. ಸುತ್ತ ತಣ್ಣಗಾದರೆ ಅದು ಗಟ್ಟಿಯಾಗುತ್ತದೆ, ಹೀರಿದ್ದನ್ನು ಬಿಟ್ಟುಕೊಡುತ್ತದೆ. ಇದೆಲ್ಲ ನಡೆಯುವುದು ಇಪ್ಪತ್ತೇಳು ಡಿಗ್ರಿಯಲ್ಲಿ. ಒಂದು ವಿಚಿತ್ರವಿದೆ. ಕರಗುವಷ್ಟು ಹೊತ್ತೂ ನನ್ನ ಬಿಸಿ ಏರುವುದಿಲ್ಲ. ಎಷ್ಟು ಶಾಖ ಒಳಗೆ ಬಂದರೂ ಥರ್ಮಾಮೀಟರು ಇಪ್ಪತ್ತೇಳರಲ್ಲೇ ನಿಲ್ಲುತ್ತದೆ. ನೋಡಿದವರು ಇದಕ್ಕೆ ಏನೂ ಆಗಿಲ್ಲ ಎಂದುಕೊಳ್ಳುತ್ತಾರೆ.

ನಾವು ಹನ್ನೆರಡು ಚೀಲ. ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ಬೇಕಾದಷ್ಟು ದಿನ ಬೇಕಾಗಿದ್ದೆವು. ಆಮೇಲೆ ಬೀರು ಸೇರಿದೆವು. ಅಲ್ಲಿಂದ ನಮ್ಮನ್ನು ಕೇಳಿ ಪಡೆದವನು ಮುನಿರಾಜು. ಅವನೂ ಹಂಸವೇಣಿಯೂ ಅದೇ ಕಾಲೇಜಿನಲ್ಲಿ ಓದಿದವರು. ಓದು ಮುಗಿಸಿ ಅವನ ಊರಿನಲ್ಲೇ ಚಾಕಿ ಕೇಂದ್ರ ಮಾಡಿದ್ದರು. ಚಾಕಿ ಎಂದರೆ ರೇಷ್ಮೆಹುಳುವಿನ ಎಳೆತನ. ಮೊಟ್ಟೆ ಒಡೆಸಿ, ಮರಿಗಳನ್ನು ಎರಡನೆಯ ಜ್ವರದವರೆಗೆ ಸಾಕಿ, ಸುತ್ತಿನ ಊರುಗಳ ರೈತರಿಗೆ ಹಂಚುವ ಕೆಲಸ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಹೋದ ಹುಳು ತಿನ್ನುವುದಿಲ್ಲ, ಕದಲುವುದಿಲ್ಲ, ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತದೆ. ಬದುಕಿದೆಯೋ ಸತ್ತಿದೆಯೋ ಏಳುವ ತನಕ ಗೊತ್ತಾಗುವುದಿಲ್ಲ.

"ಈ ಒಂದು ಚಳಿಗಾಲ ಕೊಡಿ ಮೇಡಂ. ಕರೆಂಟು ಹೋದರೆ ಹೀಟರು ನಿಲ್ಲುತ್ತೆ, ಹುಳು ನಡುಗುತ್ತವೆ" ಎಂದ ಮುನಿರಾಜು.

"ವಾಪಸ್ ಬರಬೇಕು. ನೀನೇ ತಂದುಕೊಡಬೇಕು. ನೀರಿಗೆ ಹಾಕಬೇಡ, ಹೊಲಿಗೆ ಬಿಡುತ್ತೆ. ಜಜ್ಜಬೇಡ, ಗುಳಿಗೆ ಒಡೆಯುತ್ತೆ" ಎಂದರು ಮೇಡಂ. ಅವನು ಎಲ್ಲದಕ್ಕೂ ಹೂಂ ಎಂದ.

ಹುಳುಮನೆಯಲ್ಲಿ ನಮ್ಮ ದಿನಚರಿ ಹೀಗಿತ್ತು. ಬೆಳಿಗ್ಗೆ ಮುನಿರಾಜು ನಮ್ಮನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗೆ ಹರಡುತ್ತಿದ್ದ. ಇಳಿಹೊತ್ತಿಗೆ ಇಳಿಸಿ ತಟ್ಟೆಗಳ ಸ್ಟ್ಯಾಂಡಿನ ಸುತ್ತ ಪರದೆಯಂತೆ ತೂಗುಹಾಕುತ್ತಿದ್ದ. ಆಗಾಗ ಬಂದು ಯಾವುದಾದರೂ ಒಂದು ಚೀಲಕ್ಕೆ ಕೆನ್ನೆ ಒತ್ತಿ ನೋಡುತ್ತಿದ್ದ. ಹೆಚ್ಚಾಗಿ ನನಗೇ, ನಾನು ಬಾಗಿಲ ಬಳಿ ಇದ್ದೆ. "ಇನ್ನೂ ಐತೆ" ಎಂದು ಹೆಂಡತಿಗೆ ಕೂಗಿ ಹೇಳುತ್ತಿದ್ದ. ಥರ್ಮಾಮೀಟರು ಪಕ್ಕದಲ್ಲೇ ಇರುತ್ತಿತ್ತು. ಅದನ್ನು ನೋಡು ಎಂದು ಅವಳು ರೇಗುತ್ತಿದ್ದಳು.

ಅವನು ಹೋದದ್ದು ಹಾಡಹಗಲಲ್ಲಿ. ಹಿಪ್ಪುನೇರಳೆ ಸೊಪ್ಪಿನ ಮೂಟೆ ಬೈಕಿಗೆ ಕಟ್ಟಿಕೊಂಡು ಬರುತ್ತಿದ್ದ. ಲಾರಿ ಹೊಡೆಯಿತು. ಹುಳುಮನೆಯೊಳಗೆ ಅಷ್ಟು ಸುದ್ದಿ ಮಾತ್ರ ಬಂತು. ಯಾರೋ ಆ ಮೂಟೆಯನ್ನು ತಂದು ಬಾಗಿಲಲ್ಲಿ ಇಟ್ಟುಹೋದರು. ಸೊಪ್ಪು ಬಾಡಿರಲಿಲ್ಲ. ತಟ್ಟೆಯಲ್ಲಿದ್ದ ಹುಳುಗಳು ಹಂಚುವ ಹೊತ್ತಿಗೆ ಬಂದಿದ್ದವು. ಅವನ ಅಣ್ಣ ದ್ಯಾವಪ್ಪ ಅಂದೇ ಅವನ್ನು ಸಿಕ್ಕವರಿಗೆ ಕೊಟ್ಟು ಬಾಗಿಲು ಹಾಕಿದ.

ಅಂದಿನಿಂದ ತಿಥಿಯವರೆಗೆ ಬಂದವರೆಲ್ಲ ಹಂಸವೇಣಿಯ ಪರವಾಗಿ ಮಾತಾಡಿದರು. ತೀರಿಕೊಂಡ ಎಂಬ ಮಾತನ್ನು ಅವಳ ಬಾಯಿಂದ ಯಾರೂ ಕೇಳಲಿಲ್ಲ. ಅವಳು ಅತ್ತದ್ದನ್ನು ನೋಡಿದವರೂ ಇರಲಿಲ್ಲ. ಅದಕ್ಕೂ ಜನ ಏನೋ ಅಂದುಕೊಂಡರು.

ಈಗ ತಂತಿಯ ಮಾತಿಗೆ ಬರುತ್ತೇನೆ.

ಹೊತ್ತು ಏರಿದ ಮೇಲೆ ಹಂಸವೇಣಿ ಒಣಗಿದ ಬಟ್ಟೆ ತೆಗೆಯಲು ಬಂದಳು. ನನ್ನನ್ನು ಮುಟ್ಟಿದಳು. ಬೆರಳು ಜಾರಿತು. ಮೂಸಿ ನೋಡಿದಳು, ಕೊಬ್ಬರಿ ಎಣ್ಣೆ. ಸಾಲಾಗಿ ನೇತಾಡುತ್ತಿದ್ದ ಹನ್ನೆರಡು ಚೀಲವನ್ನೂ ನೋಡಿದಳು.

"ಅತ್ತೆ, ಇವನ್ನ ಒಗೆದಿರಾ?"

ಮುನಿರಾಜುವಿನ ತಾಯಿ ಪಿಳ್ಳಮ್ಮ ಜಗಲಿಯಲ್ಲಿ ಕೂತಿದ್ದಳು. "ಸೂತಕ ಕಳೆದ ಮೇಲೆ ಮನೇಲಿರೋ ಬಟ್ಟೆ ಎಲ್ಲಾ ಒಗೀಬೇಕಲ್ಲಮ್ಮ. ಅವನು ಮುಟ್ಟಿದ್ದು, ಅವನು ಹೊದ್ದಿದ್ದು. ಹುಳುಮನೇಲಿ ಹೊದಿಕೆ ಇದ್ವಲ್ಲ, ಅವನ್ನೂ ತಂದೆ."

"ಕಲ್ಲಿಗೆ ಬಡಿದಿರಾ?"

"ಬಡೀದೆ ಮೈಲಿಗೆ ಹೋಯ್ತದಾ?"

ಬಡಿದದ್ದು ನಿಜ. ಆ ಏಟು ನನಗೆ ನೆನಪಿದೆ. ಅದು ಕೊಳೆ ತೆಗೆಯುವ ಏಟಾಗಿರಲಿಲ್ಲ. ಕೈ ಸೋತು ನಿಲ್ಲುವವರೆಗೂ ಬಡಿದಳು. ನನ್ನೊಳಗೆ ಗುಳಿಗೆಗಳು ಪಟಪಟನೆ ಒಡೆದವು, ಹೊರಗೆ ಸದ್ದೇ ಕೇಳಲಿಲ್ಲ.

ಹಂಸವೇಣಿ ಬೈಯಲಿಲ್ಲ. ಬೈದಿದ್ದರೆ ಮುದುಕಿಗೆ ಹಗುರವಾಗುತ್ತಿತ್ತೇನೋ. "ಏನಮ್ಮ ಆಯ್ತು? ಏನಾದ್ರೂ ಕೆಡಿಸ್ದೆನಾ?" ಎಂದು ಪಿಳ್ಳಮ್ಮ ಎರಡು ಸಲ ಕೇಳಿದಳು.

"ಒಡೆದಿವೆ ಅತ್ತೆ. ಇವು ನಮ್ಮವಲ್ಲ. ಕಾಲೇಜಿಂದ ಕೇಳಿ ತಂದಿದ್ದು."

ಆಗಲೇ ಮೊಟ್ಟೆ ಕೇಂದ್ರದ ವ್ಯಾನು ಬಂದು ನಿಂತಿತು. ಬದುಕಿದ್ದಾಗ ಮುನಿರಾಜು ಹೇಳಿಟ್ಟಿದ್ದ ಮೊಟ್ಟೆ. ಹಾಳೆಗಳ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಒಳಗಿನ ಮರಿಯ ತಲೆ ಆಗಲೇ ನೀಲಿಯಾಗಿ ಕಾಣುತ್ತಿತ್ತು. ವ್ಯಾನಿನ ಸದ್ದಿಗೆ ದ್ಯಾವಪ್ಪನೂ ಬಂದ.

"ವಾಪಸ್ ಕಳ್ಸಮ್ಮ. ಇದೇನು ಹುಳ ಮೇಯ್ಸೋ ಹೊತ್ತಾ?"

"ತಣ್ಣಗಿನ ಕೋಣೆಯಿಂದ ಆಚೆ ಬಂದುಬಿಟ್ಟಿವೆ ಭಾವ. ಇನ್ನೆರಡು ದಿನಕ್ಕೆ ಒಡೆಯುತ್ತವೆ. ಯಾರು ಬೇಡ ಅಂದರೂ ಒಡೆಯುತ್ತವೆ."

"ಒಡೆದ್ರೆ ಯಾರಮ್ಮ ಒಯ್ತಾರೆ? ಸಾವಾದ ಮನೆ ಹುಳ ಜ್ವರ ಏಳಾಕಿಲ್ಲ ಅಂತಾರೆ ಜನ."

"ಎದ್ದರೆ?"

ದ್ಯಾವಪ್ಪ ಕೆಟ್ಟವನಲ್ಲ. ಟೊಮೆಟೊ ಬೆಳೆಯುವವನು, ಕ್ರೇಟುಗಳನ್ನಿಡಲು ಜಾಗ ಸಾಲದು. ತಮ್ಮನ ನೆನಪು ಬಂದಾಗಲೆಲ್ಲ ಕ್ರೇಟಿನ ಮಾತಿಗೆ ಹೊರಳುತ್ತಿದ್ದ. ಈಗಲೂ ಹಾಗೇ ಮಾಡಿದ.

"ಎರಡ್ನೇ ಜ್ವರ ಒಟ್ಟಿಗೇ ಎದ್ದು, ಜನ ಬಂದು ಒಯ್ದ್ರೆ ಹುಳುಮನೆ ನಿಂದು. ನಾನು ಸೊಲ್ಲೆತ್ತಾಕಿಲ್ಲ. ಏಳ್ಲಿಲ್ಲ ಅಂದ್ರೆ ಕ್ರೇಟು ತಂದು ಇಳಿಸ್ತೀನಿ. ನೀನು ತವರಿಗೆ ಹೋಗಿ ಸುಧಾರಿಸ್ಕೋ. ಎಷ್ಟು ದಿನ ಅಂತ ಇಲ್ಲಿ ಒಬ್ಳೇ..."

ಅವಳು ಹಾಳೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಮಧ್ಯಾಹ್ನ ಅವಳು ನಮ್ಮನ್ನು ಪರೀಕ್ಷಿಸಿದಳು. ಬಿಸಿಲಲ್ಲಿ ಕಾಯಿಸಿ, ನೆರಳಿಗೆ ತಂದು, ಒಂದೊಂದರ ಮೇಲೂ ಥರ್ಮಾಮೀಟರು ಇಟ್ಟಳು. ಇಪ್ಪತ್ತೇಳರಲ್ಲಿ ನಿಂತವು ಒಳ್ಳೆಯವು. ನಿಲ್ಲದೆ ಜಾರಿದವು ಒಡೆದವು. ಅರ್ಧಕ್ಕರ್ಧ ಹೋಗಿದ್ದವು. ನನ್ನದು ಬೇರೆಯೇ ಕಥೆ. ಒಂದು ಕಡೆ ನಿಂತಿತು, ಇನ್ನೊಂದು ಕಡೆ ಜಾರಿತು. ಎಣ್ಣೆ ಸೋರಿ ತಟ್ಟೆಗೆ ಬಿದ್ದರೆ ಹುಳು ಸಾಯುತ್ತವೆ. ಅವಳು ನನ್ನ ಒಡೆದ ಅರ್ಧವನ್ನು ಹಿಂದಕ್ಕೆ ಮಡಚಿ, ಪ್ಲಾಸ್ಟಿಕ್ ಸುತ್ತಿ, ಹುರಿಯಿಂದ ಬಿಗಿದು, ಮತ್ತೆ ಬಾಗಿಲ ಬಳಿಯೇ ತೂಗುಹಾಕಿದಳು.

ಮೊಟ್ಟೆ ಒಡೆದವು. ಮರಿಗಳು ಕಪ್ಪು ದಾರದ ತುಣುಕಿನಂತೆ ಹಾಳೆಯಿಂದ ಇಳಿದವು. ಅವಳು ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದಳು. ಮೊದಲನೆಯ ಜ್ವರ ಬಂತು, ಎದ್ದವು. ಪಿಳ್ಳಮ್ಮ ಮಾತ್ರ ಹುಳುಮನೆಯ ಹೊಸ್ತಿಲು ದಾಟಲಿಲ್ಲ. ಸೊಪ್ಪು ತಂದು ಬಾಗಿಲಲ್ಲಿ ಇಟ್ಟು, "ನಾನು ಬರಾಕಿಲ್ಲಮ್ಮ, ನನ್ ಕೈ ಸರಿ ಇಲ್ಲ" ಎನ್ನುತ್ತಿದ್ದಳು.

ನಡುವೆ ಒಂದು ದಿನ ಬ್ಯಾಟಪ್ಪ ಬಂದ. ಪಕ್ಕದ ಊರಿನವನು. ಅವನು ಒಯ್ದರೆ ಉಳಿದವರೂ ಒಯ್ಯುತ್ತಾರೆ. ಕಿಟಕಿಯಿಂದಲೇ ಇಣುಕಿದ.

"ಹುಳಕ್ಕೆ ರಗ್ಗು ಹೊದಿಸಿದೀಯೇನಮ್ಮ! ನಮ್ಮನೆ ಮುದುಕಿಗೂ ಒಂದು ಕೊಡು, ಸೊಂಟ ನೋವು ಅಂತ ಪ್ರಾಣ ತೆಗೀತಾಳೆ."

ಹಂಸವೇಣಿ ನಗಲಿಲ್ಲ. "ಎರಡನೇ ಜ್ವರ ಎದ್ದ ಮೇಲೆ ಬನ್ನಿ ಬ್ಯಾಟಪ್ಪಣ್ಣ."

"ಬತ್ತೀನಿ. ಎಲ್ಲಾ ಒಟ್ಟಿಗೆ ಎದ್ದಿದ್ರೆ ಒಯ್ತೀನಿ. ಏರುಪೇರು ಹುಳ ನಂಗೆ ಬ್ಯಾಡ. ಮುನಿರಾಜು ಇದ್ದಾಗ್ಲೂ ಇದೇ ಮಾತು ಹೇಳ್ತಿದ್ದೆ, ಬೇಜಾರು ಮಾಡ್ಕೋಬ್ಯಾಡ."

ಅದೇ ದಿನ ಮುನಿರಾಜುವಿನ ಫೋನು ಮತ್ತೆ ಹೊಡೆದುಕೊಂಡಿತು. ಹಿಂದೆಯೂ ಹೊಡೆದು ಹೊಡೆದು ನಿಂತಿತ್ತು. ಈ ಸಲ ಅವಳು ಎತ್ತಿದಳು.

"ಯಾರು, ಹಂಸವೇಣಿನಾ? ಎಲ್ಲಮ್ಮ ನಿನ್ನ ಗಂಡ? ನಾನು ನಮ್ಮೂರಿಗೆ ಹೋಗಿ ಈಗ ಬಂದೆ. ನನ್ನ ಚೀಲ ಎಲ್ಲಿ ಅಂತ ಕೇಳು ಅವನನ್ನ."

"ಹೊರಗೆ ಹೋಗಿದ್ದಾರೆ ಮೇಡಂ. ಚೀಲ ತರ್ತೀವಿ. ಈ ಹುಳು ಎದ್ದ ಮೇಲೆ."

ಅವಳು ಫೋನನ್ನು ಬೋರಲಾಗಿ ಇಟ್ಟು ಸೊಪ್ಪು ಹೆಚ್ಚಲು ಕೂತಳು. ಸುಳ್ಳು ಹೇಳಿದ್ದಕ್ಕೋ, ಅದು ಅಷ್ಟು ಸಲೀಸಾಗಿ ಬಂದದ್ದಕ್ಕೋ ತಿಳಿಯದು.

ಎರಡನೆಯ ಜ್ವರಕ್ಕೆ ಹುಳು ಹೋದ ದಿನವೇ ಮೋಡ ಕವಿಯಿತು. ಮದರಾಸಿನ ಕಡೆ ಚಂಡಮಾರುತ ಎಂದರು. ಬೆಳಗಿನಿಂದಲೇ ಜಿಟಿಜಿಟಿ ಮಳೆ, ಕೊರೆಯುವ ಗಾಳಿ. ಊರಿನ ಟ್ರಾನ್ಸ್‌ಫಾರ್ಮರು ಸುಟ್ಟು ಕರೆಂಟು ಹೋಯಿತು. ಹೀಟರು ಆರಿತು. ನಾವು ಹಿಂದಿನ ದಿನ ಕುಡಿದ ಬಿಸಿಲು ಇನ್ನೂ ಒಳಗಿತ್ತು. ಅದನ್ನು ಬಿಟ್ಟುಕೊಡುತ್ತ ಹೋದೆವು. ಬೆಳಗಿನ ಊಟದ ಹೊತ್ತಿಗೆಲ್ಲ ನಾವು ಪೂರ್ತಿ ಗಟ್ಟಿಯಾದೆವು. ಕೊಡಲು ಏನೂ ಉಳಿಯಲಿಲ್ಲ. ಥರ್ಮಾಮೀಟರು ಇಳಿಯತೊಡಗಿತು. ಇಪ್ಪತ್ತಾರು. ಇಪ್ಪತ್ತೈದು. ಮಾಡಿನ ಮೇಲೆ ಹರಡಲು ಬಿಸಿಲೇ ಇಲ್ಲ.

ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿ ಕೂತಿದ್ದವು. ಜ್ವರದಲ್ಲಿ ಚಳಿ ಹಿಡಿದರೆ ಕೆಲವು ಇಂದು ಏಳುತ್ತವೆ, ಕೆಲವು ನಾಳೆ, ಕೆಲವು ಏಳುವುದೇ ಇಲ್ಲ. ಬ್ಯಾಟಪ್ಪ ಬೇಡ ಎಂದದ್ದು ಅಂಥ ಹುಳುವನ್ನೇ.

ದ್ಯಾವಪ್ಪ ಗೋಣಿ ಹೊದ್ದುಕೊಂಡು ಕೆಂಡ ತುಂಬಿದ ಇದ್ದಿಲ ಒಲೆಯನ್ನು ಹೊತ್ತು ತಂದ. "ತಗೋ. ಬಾಗಿಲು ಕಿಟಕಿ ಮುಚ್ಚಿ ಒಳಗಿಡು. ನಮ್ಮಪ್ಪ ಹಿಂಗೇ ಹುಳ ಸಾಕ್ತಿದ್ದ."

"ಬೇಡ ಭಾವ. ಜ್ವರದಲ್ಲಿ ಗಾಳಿ ಬೇಕು. ಮುಚ್ಚಿದ ಮನೇಲಿ ಇದ್ದಿಲ ಹೊಗೆ ನಿಂತರೆ ಹುಳುವೂ ಇರಲ್ಲ, ನಾನೂ ಇರಲ್ಲ."

"ಚಳಿಗೆ ಸಾಯ್ತವೆ, ಕಾಣಾಕಿಲ್ವ? ಓದ್ದೋರಿಗೆ ಹೇಳಕ್ಕಾಗಲ್ಲಪ್ಪ. ರಗ್ಗು ನಂಬ್ಕೊಂಡು ಕೂತ್ಕೋ." ಒಲೆಯನ್ನು ಹೊಸ್ತಿಲಾಚೆ ಕುಕ್ಕಿ ಜಗಲಿಯಲ್ಲಿ ಬೆನ್ನು ಹಾಕಿ ಕೂತ. ಹೊರಟು ಮಾತ್ರ ಹೋಗಲಿಲ್ಲ.

ಇಪ್ಪತ್ಮೂರು.

ಹಂಸವೇಣಿ ನನ್ನನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಹಲಗೆಯಂತಿದ್ದೆ. ಅವಳ ಕಣ್ಣು ಬಚ್ಚಲ ಕಡೆ ಹೋಯಿತು. ಅಲ್ಲಿ ಹಂಡೆಯ ಕೆಳಗೆ ತೆಂಗಿನ ಗರಿ ಉರಿಯುತ್ತಿತ್ತು. ನೀರಿಗೆ ಹಾಕಬೇಡ ಎಂದು ಮೇಡಂ ಹೇಳಿದ್ದು ಅವಳಿಗೂ ಗೊತ್ತಿತ್ತು. ಹೊಲಿಗೆ ಬಿಟ್ಟರೆ ಉಳಿದ ಚೀಲಗಳೂ ಹೋಗುತ್ತವೆ. ಹಾಕದಿದ್ದರೆ ಹುಳು ಹೋಗುತ್ತವೆ. ಹುಳು ಹೋದರೆ ಈ ಮನೆಯಲ್ಲಿ ಅವಳಿಗೆ ಏನು ಕೆಲಸ?

"ಅತ್ತೆ, ಸ್ನಾನದ ನೀರು ಎಷ್ಟಿದೆ?"

"ಹಂಡೆ ತುಂಬ ಐತೆ. ಯಾಕಮ್ಮ?"

"ಈ ಚೀಲ ಅದರಲ್ಲಿ ಮುಳುಗಿಸಬೇಕು. ಕುದಿಯಬಾರದು, ಬೆಚ್ಚಗಿರಬೇಕು. ಮೆತ್ತಗಾದ ತಕ್ಷಣ ತೆಗೆದು, ಒರೆಸಿ ನನಗೆ ಕೊಡಿ. ಮೆಲ್ಲಗೆ ಹಿಡೀಬೇಕು."

ಪಿಳ್ಳಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ನಾನಾ? ಮತ್ತೆ ನನ್ ಕೈಗೇ ಕೊಡ್ತೀಯಾ?"

"ಇನ್ನು ಯಾರಿದ್ದಾರೆ ಅತ್ತೆ?"

ಮೊದಲು ನೀರಿಗಿಳಿದವನು ನಾನು. ಅರ್ಧ ಹೇಗೂ ಒಡೆದಿದೆ, ಹೋದರೆ ಇದೇ ಹೋಗಲಿ ಎಂದಳು. ಕಲ್ಲಿಗೆ ಬಡಿದಿದ್ದ ಅದೇ ಕೈಗಳು ನನ್ನನ್ನು ಕೂಸನ್ನು ಮೀಯಿಸುವಂತೆ ಅಡಿಯಿಂದ ಆತುಕೊಂಡವು. ಹೊಲಿಗೆ ಎಳೆದಂತಾಯಿತು. ಒಂದು ಕಡೆ ದಾರ ಬಿಟ್ಟಿತು. ಉಳಿದದ್ದು ಹಿಡಿಯಿತು. ಒಳಗಿನ ಕೊಬ್ಬು ಕರಗತೊಡಗಿತು. ಬಿಸಿ ಒಳಗೆ ಬಂತು, ಬಂತು, ನಾನು ಇಪ್ಪತ್ತೇಳರಲ್ಲೇ ಇದ್ದೆ. ಪಿಳ್ಳಮ್ಮ ಮೆತ್ತಗಾದ ನನ್ನನ್ನು ಸೆರಗಿನಿಂದ ಒರೆಸಿ ಹುಳುಮನೆಯ ಬಾಗಿಲಿಗೆ ತಂದಳು. ಹಂಸವೇಣಿ ಒಳಗಿನಿಂದ ಕೈ ಚಾಚಿದಳು.

ಹೀಗೆ ಶುರುವಾಯಿತು. ಒಂದು ಚೀಲ ಹಂಡೆಯಲ್ಲಿ, ಒಂದು ದಾರಿಯಲ್ಲಿ, ಉಳಿದವು ತಟ್ಟೆಗಳ ಸುತ್ತ. ಥರ್ಮಾಮೀಟರು ಇಳಿಯುವುದು ನಿಂತಿತು. ಏರಲಿಲ್ಲ, ನಿಂತಿತು. ಆಮೇಲೆ ಅರ್ಧ ಡಿಗ್ರಿ ಏರಿತು. ಅತ್ತೆ ಸೊಸೆಯ ನಡುವೆ ಎರಡೇ ಮಾತು. "ಹೂಂ, ತಗೋ." "ಕೊಡಿ." ಅಷ್ಟೇ. ಜಗಲಿಯಲ್ಲಿ ಕೂತಿದ್ದ ದ್ಯಾವಪ್ಪ ಸ್ವಲ್ಪ ಹೊತ್ತು ನೋಡಿದ. ಎದ್ದು ತನ್ನ ಒಲೆಯ ಕೆಂಡವನ್ನೆಲ್ಲ ಹಂಡೆಯ ಕೆಳಗೆ ಸುರಿದ. "ಸುಮ್ನೆ ಆರೋಗ್ತಿತ್ತು" ಎಂದು ಯಾರೂ ಕೇಳದಿದ್ದರೂ ಹೇಳಿದ. ಆಮೇಲೆ ಕೊಡ ಹಿಡಿದು ನೀರು ಸೇದಲು ಹೋದ.

ಒಂದು ಸಲ ಪಿಳ್ಳಮ್ಮ ಚೀಲ ಹಿಡಿದು ಬಂದಾಗ ಹಂಸವೇಣಿ ಮೂಲೆಯ ತಟ್ಟೆಯ ಮೇಲೆ ಬಗ್ಗಿದ್ದಳು. ಕೈ ಚಾಚಲಿಲ್ಲ. ಚೀಲ ಆರುತ್ತಿತ್ತು. ಪಿಳ್ಳಮ್ಮ ಬಾಗಿಲಲ್ಲಿದ್ದ ಬ್ಲೀಚಿಂಗ್ ಪುಡಿಯ ನೀರಿಗೆ ಕಾಲು ಅದ್ದಿ ಒಳಗೆ ಬಂದಳು. ಚೀಲವನ್ನು ಮಗ ಹಾಕುತ್ತಿದ್ದ ಕೊಕ್ಕೆಗೇ ಹಾಕಿದಳು. ಸೊಸೆ ತಿರುಗಿ ನೋಡಿದಳು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಹೀಟರು ಕೆಂಪಾಯಿತು. ಹುಳುಗಳು ಮಾತ್ರ ಹಾಗೇ ಕೂತಿದ್ದವು, ಕಲ್ಲಿನ ಹಾಗೆ. ಬದುಕಿವೆಯೋ ಇಲ್ಲವೋ ಹೇಳುವಂತಿರಲಿಲ್ಲ.

ಬೆಳಿಗ್ಗೆ ಮೊದಲು ನೋಡಿದವಳು ಪಿಳ್ಳಮ್ಮ. "ಹಂಸಾ, ಬಾರೇ!" ಎಂದು ಕೂಗಿದಳು. ಮದುವೆಯಾಗಿ ಬಂದಂದಿನಿಂದ ಹೀಗೆ ಹೆಸರು ಹಿಡಿದು, ಬಾರೇ ಎಂದು ಕೂಗಿರಲಿಲ್ಲ. ಮೊದಲ ತಟ್ಟೆಯಲ್ಲಿ ಹಳೆಯ ಪೊರೆಗಳು ಹಿಂದೆ ಬಿದ್ದಿದ್ದವು. ಹುಳುಗಳು ಹೊಸ ತಲೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಎರಡನೆಯ ತಟ್ಟೆಯಲ್ಲೂ. ಮೂರನೆಯದರಲ್ಲೂ. ಬಾಗಿಲ ಬಳಿಯ ತಟ್ಟೆ, ನನ್ನ ಒಡೆದ ಅರ್ಧದ ಎದುರಿದ್ದ ಕಡೆ, ಸ್ವಲ್ಪ ತಡವಾಗಿ ಎದ್ದಿತು. ಆದರೂ ಎದ್ದಿತು.

ಬ್ಯಾಟಪ್ಪ ಬಂದು ತಟ್ಟೆ ತಟ್ಟೆಗೂ ಬಗ್ಗಿ ನೋಡಿದ. ಬಾಗಿಲ ಬಳಿಯದರ ಮುಂದೆ ಹೆಚ್ಚು ಹೊತ್ತು ನಿಂತ. "ಈ ತಟ್ಟೆ ನೀನಿಟ್ಕೋ, ಮಿಕ್ಕಿದ್ದು ಕೊಡು" ಎಂದ. ಅವನ ಹಿಂದೆ ಉಳಿದವರೂ ಬಂದರು.

ಅದೇ ಹೊತ್ತಿಗೆ ದ್ಯಾವಪ್ಪನ ಲಗೇಜ್ ಆಟೊ ಖಾಲಿ ಕ್ರೇಟು ಹೇರಿಕೊಂಡು ಬಂತು. ಅಂಗಳ ತುಂಬ ಜನ ನೋಡಿ ಅವನು ಗಡ್ಡ ಕೆರೆದುಕೊಂಡ.

"ಎಲ್ಲಿ ಇಳಿಸ್ತೀಯಪ್ಪ ಕ್ರೇಟು?" ಎಂದು ಬ್ಯಾಟಪ್ಪ ಕೆಣಕಿದ.

"ಇಳ್ಸಕ್ಕಲ್ಲ ಕಣಯ್ಯ, ಕೊಡಕ್ಕೆ ತಂದೆ. ಹುಳ ಏನು ಪಂಚೇಲಿ ಕಟ್ಕೊಂಡು ಹೋಗ್ತೀಯಾ?"

ಹೀಗೆ ಮುನಿರಾಜು ಹೇಳಿಟ್ಟಿದ್ದ ಹುಳುಗಳು ಟೊಮೆಟೊ ಕ್ರೇಟುಗಳಲ್ಲಿ ಕೂತು ಊರೂರಿಗೆ ಹೋದವು.

ಈಗ ನಾನು ಮತ್ತೆ ಪ್ರಯೋಗಶಾಲೆಯ ಬೀರುವಿನಲ್ಲಿದ್ದೇನೆ. ಮೂಲೆಯ ಜಾಗ, ಕತ್ತಲು. ಮಧ್ಯಾಹ್ನ ಸೆಖೆಯಾದಾಗ ನನ್ನ ಒಂದು ಅರ್ಧ ಕರಗುತ್ತದೆ, ಸಂಜೆ ಗಟ್ಟಿಯಾಗುತ್ತದೆ. ಇನ್ನೊಂದು ಅರ್ಧ ಸುಮ್ಮನಿರುತ್ತದೆ. ಇದರಿಂದ ಯಾರಿಗೂ ಈಗ ಉಪಯೋಗವಿಲ್ಲ. ಆದರೂ ದಿನವೂ ನಡೆಯುತ್ತದೆ. ಇಲ್ಲಿಗೆ ಹೇಗೆ ಬಂದೆ ಎಂಬುದೊಂದು ಉಳಿದಿದೆ.

ಹಂಸವೇಣಿ ನಮ್ಮನ್ನು ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಳು. ಕಿಟಕಿ ಪಕ್ಕ ಕೂತಿದ್ದಳು. ದಾರಿಯುದ್ದಕ್ಕೂ ಬಿಸಿಲು ಗಂಟಿನ ಮೇಲೆ ಬಿತ್ತು. ಇಂದುಮತಿ ಮೇಡಂ ಗಂಟು ಬಿಚ್ಚಿದರು. ಒಡೆದವನ್ನು ಒಂದೊಂದಾಗಿ ಎತ್ತಿ ನೋಡಿದರು.

"ಜಜ್ಜಬೇಡ ಅಂದಿದ್ದೆ. ನೀರಿಗೂ ಹಾಕಿದ್ದೀರಿ. ಹೇಳಿದ್ದೆನಲ್ಲ ಅವನಿಗೆ, ನೀನೇ ತಂದುಕೊಡಬೇಕು ಅಂತ. ನಿನ್ನ ಕಳಿಸಿ ತಾನು ಮುಖ ತಪ್ಪಿಸಿಕೊಂಡನಾ? ಎಲ್ಲಿ ಅವನು?"

ಅಟೆಂಡರು ಹೊರಗೆ ಬಕೆಟ್ಟು ಎಳೆಯುತ್ತಿದ್ದ. ಆ ಸದ್ದು ನಿಲ್ಲುವವರೆಗೆ ಹಂಸವೇಣಿ ಕಾದಳು.

"ತೀರಿಕೊಂಡರು ಮೇಡಂ. ಅವತ್ತು ಫೋನಿನಲ್ಲಿ ನಾನು ಸುಳ್ಳು ಹೇಳಿದೆ."

ಮೇಡಂ ಕುರ್ಚಿ ಹುಡುಕಿ ಕೂತರು. ಆಮೇಲೆ ಎದ್ದರು. ಏನಾದರೂ ಮಾಡಬೇಕಲ್ಲ ಎಂಬಂತೆ ಒಡೆದ ಚೀಲಗಳನ್ನು ಒಟ್ಟು ಮಾಡಿ ಕಸದ ಡಬ್ಬಿಯ ಪಕ್ಕ ಇಟ್ಟರು. ಹುರಿ ಬಿಗಿದಿದ್ದ ನನ್ನನ್ನೂ ಅದರ ಮೇಲೆ ಇಡಹೋದರು.

"ಅದು ಬೇಡ ಮೇಡಂ" ಎಂದಳು ಹಂಸವೇಣಿ.

ಅವರ ಕೈಯಿಂದ ನನ್ನನ್ನು ತೆಗೆದುಕೊಂಡಳು. ನನ್ನ ಉಳಿದ ಅರ್ಧಕ್ಕೆ ಕೆನ್ನೆ ಒತ್ತಿದಳು. ದಾರಿ ಉದ್ದಕ್ಕೂ ಕುಡಿದ ಬಿಸಿಲು ನನ್ನೊಳಗೆ ಹಾಗೇ ಇತ್ತು. ಕೆನ್ನೆ ತಣ್ಣಗಿತ್ತು. ನಾನು ನನ್ನ ಕೆಲಸ ಶುರುಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಮೈ ಒದ್ದೆಯಾಯಿತು. ಈ ಸಲ ಅದು ಎಣ್ಣೆಯಲ್ಲ.

"ಇನ್ನೂ ಐತೆ" ಎಂದಳು.

ಆಮೇಲೆ ಸೆರಗಿನಿಂದ ನನ್ನನ್ನು ಒರೆಸಿ, ಮೇಡಂ ಮುಂದೆ ಮೇಜಿನ ಮೇಲಿಟ್ಟು, ಕೈ ತೆಗೆದಳು.